ಹೆಬ್ಬೆರಳಿನ ಗುರುತನ್ನೂ ‘ವೆದರಿಂಗ್’ ಅಂದ! ಮಾಡೆಲ್ ವಿಮಾನ ಮಾಡಿಸುವವರು ದಯವಿಟ್ಟು ಓದಿ

ಬಳ್ಳಾರಿ ಕಡೆ ಯಾರಾದರೂ ದುಡ್ಡು ಕೊಟ್ಟು ಮಾಡೆಲ್ ವಿಮಾನ ಮಾಡಿಸಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ನನಗಾಗಿದ್ದು ನಿಮಗೆ ಆಗಬಾರದು.

ನಮ್ಮಪ್ಪ ಏರ್‌ಫೋರ್ಸ್‌ನಲ್ಲಿ ಮಿಗ್-21 ರಿಪೇರಿ ಮಾಡಿದವರು. 1963ರಲ್ಲಿ ಸೇವೆಗೆ ಬಂದ ಆ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದಾಗ ಟಿವಿ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ. ಅವರಿಗೊಂದು ಮಿಗ್-21 ಮಾಡಿಸಿ ಕೊಡಬೇಕು ಅಂತ ಅವತ್ತೇ ಅಂದುಕೊಂಡೆ. 1/48 ಅಳತೆಯ, ಬಿಡಿ ಭಾಗ ಜೋಡಿಸಿ ಬಣ್ಣ ಹೊಡೆಯುವ ಕಿಟ್ ತರಿಸಿದೆ, ಅದಕ್ಕೇ ₹5,000. ನನ್ನ ಹತ್ತಿರ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲ, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಇಲ್ಲ. ಪರಿಚಯದವರಿಂದ ಮಾಡೆಲ್ ಮಾಡಿಕೊಡುವ ಒಬ್ಬನ ನಂಬರ್ ಸಿಕ್ಕಿತು. ರಾಯಲ್ ಸರ್ಕಲ್ ಹತ್ತಿರ ಚಹಾ ಅಂಗಡಿಯಲ್ಲಿ ಸಿಕ್ಕ. ಮೊಬೈಲ್‌ನಲ್ಲಿ ಫೋಟೊ ತೋರಿಸಿದ, ಒಂದಕ್ಕಿಂತ ಒಂದು ಚೆಂದ. ಒಟ್ಟು ₹8,000, ಅಡ್ವಾನ್ಸ್ ₹6,000 ಅಂದ. ಕೊಟ್ಟೆ. ಆ ಫೋಟೊ ಅವನ ಕೆಲಸದವೇನಾ ಅಂತ ಕೇಳಲೇ ಇಲ್ಲ. ಕೇಳಬೇಕಿತ್ತು.

ಒಂದು ತಿಂಗಳು ಅಂದವನು ನಾಲ್ಕು ತಿಂಗಳು ತಗೊಂಡ. ‘ಪ್ರೈಮರ್ ಒಣಗ್ತಾ ಇದೆ ಸರ್’ ಅಂತಲೇ ಮೂರು ವಾರ. ಬಳ್ಳಾರಿ ಬಿಸಿಲಲ್ಲಿ ಮೂರು ವಾರ!

ಡಬ್ಬಿಯನ್ನು ಅಪ್ಪನ ಮುಂದೆಯೇ ತೆರೆದೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ‘ಹೊಗೆ ಮುಂದಿಂದ ಬರ್ತೈತೇನಪ್ಪ?’ ಅಂದರು. ಅಷ್ಟೇ. ಮಿಗ್-21ಕ್ಕೆ ಗಾಳಿ ಒಳಗೆ ಹೋಗುವುದು ಮೂಗಿನಿಂದ, ಬೆಂಕಿ ಹೊಗೆ ಬರುವುದು ಬಾಲದಿಂದ. ಈತ ಮೂಗಿನ ಸುತ್ತ ಮಸಿ ಬಳಿದು, ಬಾಲವನ್ನು ಪಳಪಳ ಬಿಟ್ಟಿದ್ದ. ನನಗೆ ಅಪ್ಪನ ಮುಖ ನೋಡಲು ಆಗಲಿಲ್ಲ.

ಆಮೇಲೆ ಒಂದೊಂದೇ ಕಂಡವು. ಸೂಪರ್ ಗ್ಲೂ ಆವಿ ಕೂತು ಕ್ಯಾನೊಪಿ, ಅಂದರೆ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ, ಬೆಳ್ಳಗೆ ಮಂಜಾಗಿತ್ತು. ನುಣುಪು ಮಾಡುವ ಗ್ಲಾಸಿ ಕೋಟ್ (ಹೊಳಪಿನ ಪದರ) ಹೊಡೆಯದೆ ಡೆಕಲ್ (ಗುರುತು, ಚಿಹ್ನೆಗಳ ತೆಳು ಸ್ಟಿಕ್ಕರ್) ಅಂಟಿಸಿದ್ದ. ಕೇಸರಿ, ಬಿಳಿ, ಹಸಿರು ವೃತ್ತದ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿ ಹಾಳೆ ಥರ ಮಿಂಚುತ್ತಿತ್ತು. ಎಡ ರೆಕ್ಕೆ ಮೇಲೆ ಹಸಿ ಬಣ್ಣದಲ್ಲಿ ಒತ್ತಿದ ಹೆಬ್ಬೆರಳಿನ ಗುರುತು. ಗೆರೆ ಎಣಿಸಬಹುದು, ಅಷ್ಟು ಸ್ಪಷ್ಟ.

ಫೋನ್ ಮಾಡಿದೆ. ‘ಅದು ವೆದರಿಂಗ್ ಸರ್, ಯುದ್ಧ ವಿಮಾನ ಹೊಸದಾಗಿ ಇರಲ್ಲ.’ ಮಾಡೆಲ್ ಬಳಸಿ ಹಳತಾದಂತೆ ಕಾಣಲಿ ಅಂತ ಕೊಳೆ, ಸವೆತ ಬಣ್ಣದಲ್ಲಿ ತೋರಿಸುವುದಕ್ಕೆ ವೆದರಿಂಗ್ ಅಂತಾರೆ. ಮಂಜಾದ ಕ್ಯಾನೊಪಿ? ‘ವೆದರಿಂಗ್.’ ಹೆಬ್ಬೆರಳು? ‘ಮೆಕ್ಯಾನಿಕ್ ಮುಟ್ಟಿದ ಎಫೆಕ್ಟ್ ಸರ್.’ 48 ಪಟ್ಟು ಚಿಕ್ಕ ವಿಮಾನದ ಮೇಲೆ ಇಡೀ ಹೆಬ್ಬೆರಳು! ಕೊನೆಗೆ, ‘ನಿಮಗೆ ಈ ಹವ್ಯಾಸ ಅರ್ಥ ಆಗಲ್ಲ ಬಿಡಿ’ ಅಂದ. ನಮ್ಮಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ವೆದರಿಂಗ್ ಏನು ಅಂತ ಆ ರಾತ್ರಿ ಅಪ್ಪನೇ ಹೇಳಿದರು. ಮೆಕ್ಯಾನಿಕ್‌ಗಳು ಕಾಲಿಡುವ ರೆಕ್ಕೆಯ ಬುಡದಲ್ಲಿ ಬಣ್ಣ ಸವೆಯುತ್ತೆ. ಪದೇ ಪದೇ ಬಿಚ್ಚುವ ಪ್ಯಾನೆಲ್‌ಗಳ ಅಂಚು, ಸ್ಕ್ರೂ ಸುತ್ತ ಬಣ್ಣ ಕಿತ್ತಿರುತ್ತೆ. ಹಾರಾಟದಲ್ಲಿ ಸೋರಿದ ಎಣ್ಣೆ ಗಾಳಿಗೆ ಹಿಂದಕ್ಕೇ ಹರಿಯುತ್ತೆ, ಮುಂದಕ್ಕಲ್ಲ. ಪ್ರತಿ ಕಲೆಗೂ ಒಂದು ಕಾರಣ ಇರುತ್ತೆ. ಸುಮ್ನೆ ಕೊಳೆ ಮಾಡುವುದಲ್ಲ.

ಅದಕ್ಕೇ ಹೇಳ್ತಿದ್ದೀನಿ, ಅಡ್ವಾನ್ಸ್ ಜಾಸ್ತಿ ಕೊಡಬೇಡಿ. ಹಿಂದೆ ಮಾಡಿದ ಒಂದು ಮಾಡೆಲ್ ಆದರೂ ಕೈಯಲ್ಲಿ ಹಿಡಿದು ನೋಡಿ. ಪ್ರೈಮರ್ ಆದಾಗ, ಬಣ್ಣ ಆದಾಗ, ಡೆಕಲ್ ಆದಾಗ ಫೋಟೊ ತರಿಸಿಕೊಳ್ಳಿ. ಮಸಿ ಹಚ್ಚುವ ಮುಂಚೆ ಕಣ್ಣಾರೆ ನೋಡಿ. ಮಸಿ ಬಿದ್ದ ಮೇಲೆ ಎಲ್ಲ ತಪ್ಪಿಗೂ ಅವನ ಹತ್ತಿರ ಒಂದೇ ಉತ್ತರ.

ಕಿಟ್‌ನ ಎರಡು ಮಿಸೈಲ್, ಉಳಿದ ಡೆಕಲ್ ಹಾಳೆ ಇನ್ನೂ ಅವನ ಹತ್ತಿರವೇ ಇವೆ. ನಿನ್ನೆ ಮತ್ತೆ ಕೇಳಿದೆ. ಬ್ಲೂ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.