ಮರದ ಪಾತ್ರೆಗಳಿಗೊಂದು ಡಬ್ಬಿ ಮೇಣ: ಎರಡು ತಿಂಗಳು ಬಳಸಿದ ಮೇಲೆ

ಡಬ್ಬಿಯ ಮೇಲೆ ‘ಮರದ ಅಡುಗೆ ಪಾತ್ರೆಗಳನ್ನು ಪಳಗಿಸುವ ಮೇಣ’ ಎಂದು ಬರೆದಿದೆ. ಒಳಗಿರುವುದು ಜೇನುಮೇಣವನ್ನು ಆಹಾರಕ್ಕೆ ತಾಕಬಹುದಾದ ದರ್ಜೆಯ ಲಿಕ್ವಿಡ್ ಪ್ಯಾರಫಿನ್ ಎಂಬ ಎಣ್ಣೆಯಲ್ಲಿ ಕರಗಿಸಿ ಆರಿಸಿದ, ಬೆಣ್ಣೆಯ ಹದದ ತೆಳು ಹಳದಿ ಮಿಶ್ರಣ. ಒಂದು ಹೆಚ್ಚುವ ಮಣೆ, ಮೂರು ಸೌಟು ಮತ್ತು ಒಂದು ಬಟ್ಟಲಿಗೆ ಇದನ್ನು ಎರಡು ತಿಂಗಳು ಬಳಸಿದ ನಂತರ ಹೇಳುವುದಾದರೆ, ಮೇಣ ಒಳ್ಳೆಯದು, ಹೆಸರು ಮಾತ್ರ ತಪ್ಪು. ಪಳಗಿದ ಮರವನ್ನು ಕಾಯುವುದಕ್ಕೆ ಇದು ತಕ್ಕುದಾಗಿದೆ. ಹೊಸ ಮರವನ್ನು ಪಳಗಿಸುವುದಕ್ಕೆ ಸಾಲದು.

ಮರವೆಂದರೆ ಉದ್ದಕ್ಕೆ ಜೋಡಿಸಿಟ್ಟ ಸಣ್ಣ ಕೊಳವೆಗಳ ಕಟ್ಟು. ನೀರು ಹೀರಿದಾಗ ಅದು ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ, ಈ ಉಬ್ಬು ಕುಗ್ಗುಗಳು ಮರುಕಳಿಸುತ್ತ ಹೋದಂತೆ ಎಳೆಗಳ ನಡುವೆ ಬಿರುಕು ಬಿಡುತ್ತದೆ. ಪಳಗಿಸುವುದೆಂದರೆ ನೀರಿಗಿಂತ ಮೊದಲು ಎಣ್ಣೆಗೆ ಆ ಕೊಳವೆಗಳಲ್ಲಿ ಜಾಗ ಮಾಡಿಕೊಡುವುದು. ಎಣ್ಣೆ ಹರಿದು ಒಳಗಿಳಿಯುತ್ತದೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಾದ್ದರಿಂದ ಅದು ಬಹುಪಾಲು ಮೇಲೆಯೇ ಕುಳಿತುಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಲೆಂದು ಹೊಸ ಮಣೆಯ ನಡುವೆ ಪೆನ್ಸಿಲಿನಿಂದ ಗೆರೆ ಎಳೆದೆ. ಎಡಭಾಗಕ್ಕೆ ಡಬ್ಬಿಯ ಸೂಚನೆಯಂತೆ ಒಂದೇ ಸಲ ಮೇಣ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಒರೆಸಿದೆ. ಬಲಭಾಗಕ್ಕೆ ಮೂರು ರಾತ್ರಿ ಬರಿಯ ಲಿಕ್ವಿಡ್ ಪ್ಯಾರಫಿನ್ ಸವರಿ, ಪ್ರತಿ ಬೆಳಿಗ್ಗೆ ಹೆಚ್ಚಿನ ಎಣ್ಣೆ ಒರೆಸಿ, ನಾಲ್ಕನೆಯ ದಿನ ಮೇಣ ಹಚ್ಚಿದೆ. ಮೊದಲ ದಿನ ಎರಡೂ ಕಡೆ ನೀರಿನ ಹನಿ ಮಣಿಯಂತೆ ಗುಂಡಗೆ ನಿಂತಿತು, ಮೇಣವನ್ನು ಮೆಚ್ಚಿಕೊಂಡೆ. ಐದಾರು ಸಲ ತೊಳೆದ ಮೇಲೆ ಎಡಭಾಗದ ಹನಿ ಚಪ್ಪಟೆಯಾಗಿ ಹರಡಿ, ಕೆಳಗೆ ಕಪ್ಪನೆಯ ಕಲೆ ಬಿಟ್ಟಿತು. ಅಲ್ಲಿ ಮರೆತಿಟ್ಟ ಒದ್ದೆ ಲೋಟದ ಬಳೆಯಂಥ ಗುರುತು ಮಾರನೆಯ ದಿನವೂ ಇತ್ತು. ಬಲಭಾಗದ ಹನಿಗಳು ಮೂರನೆಯ ವಾರದಲ್ಲಿಯೂ ಗುಂಡಗೇ ಇದ್ದವು. ಕೊಳವೆಗಳ ಬಾಯಿ ತೆರೆದಿರುವ ಮಣೆಯ ಎರಡು ತುದಿಗಳಂತೂ ಒಂದು ತುದಿಗೆ ಸವರಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಎಣ್ಣೆಯನ್ನು ಪೂರ್ತಿ ಕುಡಿದಿರುತ್ತಿದ್ದವು. ಬಿರುಕು ಸಾಮಾನ್ಯವಾಗಿ ಮೊದಲಾಗುವುದೂ ಅಲ್ಲಿಂದಲೇ. ಆ ತುದಿಗಳ ಬಗ್ಗೆ ಡಬ್ಬಿಯ ಸೂಚನೆಯಲ್ಲಿ ಒಂದು ಮಾತೂ ಇಲ್ಲ.

ಹೊಸ ಸೌಟನ್ನು ಮೊದಲ ಸಲ ತೊಳೆದು ಒಣಗಿಸಿದಾಗ ಅದರ ಮೈ ಎರಡು ದಿನದ ಗಡ್ಡದಂತೆ ತರಿತರಿಯಾಗುವ ವಿಷಯವನ್ನೂ ತಯಾರಕರು ಹೇಳಿಲ್ಲ. ಬೇಕೆಂದೇ ಒಮ್ಮೆ ಒದ್ದೆ ಮಾಡಿ, ಚೆನ್ನಾಗಿ ಒಣಗಿಸಿ, ಎದ್ದ ಎಳೆಗಳನ್ನು 220ನೆಯ ನಂಬರಿನ ಸ್ಯಾಂಡ್ ಪೇಪರಿನಿಂದ ಎಳೆಯ ದಿಕ್ಕಿನಲ್ಲೇ ಉಜ್ಜಿದ ನಂತರವೇ ಎಣ್ಣೆ ಹಚ್ಚಬೇಕು. ಒಂದು ಸೌಟಿಗೆ ಹಾಗೆ ಮಾಡದೆ ನೇರವಾಗಿ ಮೇಣ ಹಚ್ಚಿದ್ದೆ. ಅದು ಈಗಲೂ ಕೈಗೆ ಒರಟಾಗಿಯೇ ಸಿಗುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಸಂಪೂರ್ಣ ನೈಸರ್ಗಿಕ’ ಎಂಬ ಮಾತಿಗೂ ನನ್ನ ತಕರಾರಿದೆ. ಲಿಕ್ವಿಡ್ ಪ್ಯಾರಫಿನ್ ಪೆಟ್ರೋಲಿಯಮ್‌ನಿಂದ ಶುದ್ಧೀಕರಿಸಿ ತೆಗೆದ ಎಣ್ಣೆ. ಅದನ್ನು ಮುಚ್ಚಿಡುವ ಅಗತ್ಯವೇ ಇರಲಿಲ್ಲ, ಏಕೆಂದರೆ ಈ ಕೆಲಸಕ್ಕೆ ಅದರ ದೊಡ್ಡ ಗುಣವೆಂದರೆ ಕಮಟು ಹಿಡಿಯದಿರುವುದು. ಹಿಂದೊಮ್ಮೆ ಉಳಿತಾಯದ ಹುಮ್ಮಸ್ಸಿನಲ್ಲಿ ಸೌಟುಗಳಿಗೆಲ್ಲ ಅಡುಗೆ ಎಣ್ಣೆಯನ್ನೇ ಧಾರಾಳವಾಗಿ ಹಚ್ಚಿ ಡ್ರಾಯರಿನಲ್ಲಿಟ್ಟಿದ್ದೆ. ತಿಂಗಳ ನಂತರ ತೆಗೆದಾಗ ಬೆರಳಿಗೆ ಅಂಟುವ ಜಿಡ್ಡು, ಹಳಸಲು ವಾಸನೆ. ಗಾಳಿಯ ಆಮ್ಲಜನಕ ತಾಕಿದಾಗ ಅಡುಗೆ ಎಣ್ಣೆಗಳು ಹೀಗೆ ಕೆಡುತ್ತವೆ. ಅಗಸೆ ಎಣ್ಣೆ ಅದೇ ಆಮ್ಲಜನಕದಿಂದ ಗಟ್ಟಿಯಾಗಿ ಮರದೊಳಗೆ ಉಳಿಯುತ್ತದೆಯಾದರೂ ಅದು ಪೂರ್ತಿ ಒಣಗಲು ವಾರಗಳೇ ಬೇಕು. ಪೇಂಟ್ ಅಂಗಡಿಗಳಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಸಾಮಾನ್ಯವಾಗಿ ಲೋಹದ ಸಂಯುಕ್ತಗಳನ್ನು ಬೆರೆಸಿರುವುದರಿಂದ ಅದು ಅಡುಗೆಯ ಮರಕ್ಕೆ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು. ಈ ಡಬ್ಬಿಯ ಮೇಣದಲ್ಲಿ ಅಂಥ ಭಯವಿಲ್ಲ, ವಾಸನೆಯೂ ಹೆಚ್ಚಿಲ್ಲ.

ಒಳ್ಳೆಯ ಅಂಶಗಳೂ ಇವೆ. ಒಂದು ಸೌಟಿಗೆ ಉಗುರಿನಗಲದಷ್ಟು ಮೇಣ ಸಾಕು. ಚಳಿಯಲ್ಲಿ ಗಟ್ಟಿಯಾದಾಗ ಡಬ್ಬಿಯನ್ನು ಬಿಸಿನೀರಿನ ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ, ಬೆಚ್ಚಗೆ ಹಚ್ಚಿದ ಮೇಣ ಮರಕ್ಕೆ ಚೆನ್ನಾಗಿಯೂ ಹಿಡಿಯುತ್ತದೆ. ಒರೆಸಿದ ಮೇಲೆ ಉಳಿಯುವ ಹೊಳಪು ವಾರ್ನಿಷ್‌ನಂತೆ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ರಾತ್ರಿಯಿಡೀ ಸಿಂಕಿನಲ್ಲಿ ನೆನೆದ ಸೌಟನ್ನಾಗಲಿ, ಪಾತ್ರೆ ತೊಳೆಯುವ ಯಂತ್ರಕ್ಕೆ ಹೋಗಿಬಂದ ಬಟ್ಟಲನ್ನಾಗಲಿ ಯಾವ ಮೇಣವೂ ಉಳಿಸದು. ತೊಳೆದ ಮಣೆಯನ್ನು ಮಲಗಿಸಿಟ್ಟರೆ ಕೆಳಮೈ ಒದ್ದೆಯಾಗಿದ್ದು ಮೇಲ್ಮೈ ಮಾತ್ರ ಒಣಗಿ ಹಲಗೆ ಬಾಗುತ್ತದೆ. ಎರಡೂ ಕಡೆ ಗಾಳಿಯಾಡುವಂತೆ ನಿಲ್ಲಿಸಿಡಬೇಕು.

ಪಳಗಿದ ಪಾತ್ರೆಗಳಿದ್ದವರು ಈ ಡಬ್ಬಿಯನ್ನು ಧೈರ್ಯವಾಗಿ ಕೊಳ್ಳಬಹುದು. ಹೊಸ ಮಣೆ ತಂದವರು ಮೊದಲು ಬರಿಯ ಲಿಕ್ವಿಡ್ ಪ್ಯಾರಫಿನ್ ತರಲಿ. ನನ್ನ ಮಣೆಯ ಎಡಭಾಗವನ್ನು ಕಳೆದ ವಾರ ಉಜ್ಜಿ, ಎಣ್ಣೆ ಹಚ್ಚಿ ಮೊದಲಿನಿಂದ ಆರಂಭಿಸಿದ್ದೇನೆ. ಲೋಟದ ಗುರುತು ಇನ್ನೂ ಪೂರ್ತಿ ಹೋಗಿಲ್ಲ.