60 ಅಡಿ ಅಂದಿದ್ದು 68 ಅಡಿ ಆಯ್ತು: ಹಿತ್ತಲಲ್ಲಿ ಗಾಳಿಯಂತ್ರ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ನಮ್ಮವರು ಯಾರಾದರೂ ಹಿತ್ತಲಲ್ಲಿ ಚಿಕ್ಕ ಗಾಳಿಯಂತ್ರ ನಿಲ್ಲಿಸುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಹತ್ತು ಸಾವಿರ ಡಾಲರಿಗಿಂತ ಜಾಸ್ತಿ ಕಳೆದುಕೊಂಡಿದ್ದೇನೆ. ಯಂತ್ರ ಒಂದು ದಿನವೂ ತಿರುಗಲಿಲ್ಲ. ನಮ್ಮ ಹಿತ್ತಲಿಗೆ ಬರಲೂ ಇಲ್ಲ.

ನಾನು ಗದಗ ಕಡೆಯವನು. ಊರಿಗೆ ಹೋದಾಗಲೆಲ್ಲ ಕಪ್ಪತಗುಡ್ಡದ ಸಾಲಿನಲ್ಲಿ ಫ್ಯಾನುಗಳು ತಿರುಗುವುದನ್ನು ನಿಂತು ನೋಡುತ್ತೇನೆ. ಪೆನ್ಸಿಲ್ವೇನಿಯಾದಲ್ಲಿ ನಾವು ತಗೊಂಡ ಮನೆಯ ಸೈಟು ಹೆಚ್ಚುಕಡಿಮೆ ಒಂದು ಎಕರೆ. ಅಗಲ 140 ಅಡಿ, ಉದ್ದ 310 ಅಡಿ. ಪಡುವಣ ಗಾಳಿ ಚೆನ್ನಾಗಿ ಬೀಸುತ್ತದೆ. ಒಗೆದ ಬಟ್ಟೆ ಹೊರಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಇಷ್ಟು ಗಾಳಿ ಇದ್ದೂ ಸುಮ್ನೆ ಬಿಡೋದು ಯಾಕೆ ಅನ್ನಿಸಿತ್ತು.

2025ರ ಜುಲೈ 4ರಂದು ಹೊಸ ತೆರಿಗೆ ಕಾನೂನಿಗೆ ಸಹಿ ಬಿತ್ತು. ಮನೆಗೆ ಸೋಲಾರ್, ಗಾಳಿಯಂತ್ರ ಹಾಕಿಸಿಕೊಂಡವರಿಗೆ ಸಿಗುತ್ತಿದ್ದ 30 ಪರ್ಸೆಂಟ್ ತೆರಿಗೆ ರಿಯಾಯಿತಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ ಅಂತಾಯಿತು. ಅದರ ಮುಂದಿನ ವಾರವೇ ಯಂತ್ರ ಮಾರುವ ಕಂಪನಿಯವನು ಮನೆಗೆ ಬಂದ. ಒಟ್ಟು 32,000 ಡಾಲರ್ ಕೆಲಸ, ಈ ವರ್ಷವೇ ಮುಗಿಸಿದರೆ 9,600 ಡಾಲರ್ ವಾಪಸ್, ತಡ ಮಾಡಿದರೆ ಏನೂ ಇಲ್ಲ ಅಂದ. ಲೆಕ್ಕ ಸರಿಯೇ ಇತ್ತು. ಆ ಅವಸರವೇ ನಮ್ಮನ್ನು ಕೆಡಿಸಿತು.

ಇಲ್ಲಿ ಟೌನ್‌ಶಿಪ್ ಅಂದರೆ ನಮ್ಮ ಕಡೆಯ ಪಂಚಾಯಿತಿ ಥರದ ಸ್ಥಳೀಯ ಆಡಳಿತ, ಪರ್ಮಿಟ್ ಕೊಡುವುದು ಅದೇ. ಪರ್ಮಿಟ್ ಬಗ್ಗೆ ಕೇಳಿದೆ. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ನಿಮ್ಮ ಟೌನ್‌ಶಿಪ್‌ನಲ್ಲಿ ಗಾಳಿಯಂತ್ರಕ್ಕೆ ಅವಕಾಶ ಇದೆ" ಅಂತ ಫೋನಿನಲ್ಲೇ ಜೋನಿಂಗ್ ಪುಸ್ತಕದ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ಟೌನ್‌ಶಿಪ್ ನಿಯಮಗಳ ಪುಸ್ತಕ) ಒಂದು ಪುಟ ತೆಗೆದು ತೋರಿಸಿದ. ನಿಜಕ್ಕೂ ಅಲ್ಲಿ ಹಾಗೇ ಇತ್ತು: ವಸತಿ ಪ್ರದೇಶದಲ್ಲಿ ಮನೆಗೊಂದು ಚಿಕ್ಕ ಯಂತ್ರ ಹಾಕಬಹುದು, ಸೈಟಿನ ಗಡಿಯಿಂದ ಯಂತ್ರದ ಎತ್ತರದ 1.1 ಪಟ್ಟು ದೂರ ಬಿಡಬೇಕು. ಕಂಬ 60 ಅಡಿ. 1.1 ಪಟ್ಟು ಅಂದರೆ 66 ಅಡಿ. ಎರಡೂ ಕಡೆ ಸೇರಿ 132 ಅಡಿ. ನಮ್ಮ ಅಗಲ 140. ಇನ್ನೂ ಎಂಟು ಅಡಿ ಉಳಿಯಿತಲ್ಲ ಅಂತ ನನಗೂ ಸಮಾಧಾನವಾಯಿತು.

ನನ್ನ ಹೆಂಡತಿ ಮಾತ್ರ ಒಳಗಿನಿಂದ ಕೂಗಿ ಹೇಳಿದ್ದಳು: "ರೀ, ಅದನ್ನ ಟೌನ್‌ಶಿಪ್‌ನವ್ರು ಕಾಗದದ ಮ್ಯಾಲೆ ಬರ್ದು ಕೊಡ್ತಾರೇನು ಕೇಳ್ರಿ." ನಾನು ಕೇಳಲಿಲ್ಲ. 12,800 ಡಾಲರ್ ಅಡ್ವಾನ್ಸ್ ಕೊಟ್ಟೆ.

ಆಗಸ್ಟ್‌ನಲ್ಲಿ ಕರೆಂಟ್ ಕಂಪನಿಯಿಂದ ಒಪ್ಪಿಗೆ ಬಂತು. ನಮ್ಮ ಯಂತ್ರ 3 ಕಿಲೋವ್ಯಾಟ್‌ನದು. ಈ ರಾಜ್ಯದಲ್ಲಿ ಮನೆಗಳಿಗೆ 50 ಕಿಲೋವ್ಯಾಟ್ ತನಕ ನೆಟ್ ಮೀಟರಿಂಗ್ ಇದೆ (ಮಿಕ್ಕ ಕರೆಂಟನ್ನು ಲೈನಿಗೆ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ), ಹಾಗಾಗಿ ಅದೇನೂ ಕಷ್ಟವಾಗಲಿಲ್ಲ. ಏಜೆಂಟ್ ಅದನ್ನೇ ಹಿಡಿದು "ಪರ್ಮಿಷನ್ ಬಂತು" ಅಂದ. ನಾನೂ ನಂಬಿದೆ. ಇದನ್ನು ಚೆನ್ನಾಗಿ ನೆನಪಿಡಿ: ಕರೆಂಟ್ ಕಂಪನಿ ನೋಡುವುದು ನಿಮ್ಮ ವಿದ್ಯುತ್ ಅವರ ಲೈನಿಗೆ ಸರಿಯಾಗಿ ಸೇರುತ್ತದಾ ಅಂತ ಮಾತ್ರ. ಕಂಬ ಎಲ್ಲಿ ನಿಲ್ಲಬೇಕು, ಎಷ್ಟೆತ್ತರ ಇರಬೇಕು ಅನ್ನುವುದು ಟೌನ್‌ಶಿಪ್‌ನ ಮಾತು. ಅದೂ ಎರಡು ಕಾಗದ. ಜೋನಿಂಗ್ ಪರ್ಮಿಟ್ ಬೇರೆ, ಕಟ್ಟಡದ ಪರ್ಮಿಟ್ ಬೇರೆ. ಮನೆಮಾಲೀಕರ ಸಂಘ ಇದ್ದರೆ ಅವರ ಒಪ್ಪಿಗೆ ಮತ್ತೊಂದು.

ತಿಂಗಳ ಕೊನೆಗೆ ಹಿತ್ತಲಿನಲ್ಲಿ ಗುಂಡಿ ತೋಡಿ, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿದು ಹೋದರು. ಹನ್ನೆರಡು ದಿನಕ್ಕೆ ಜೋನಿಂಗ್ ಅಧಿಕಾರಿಯ ಪತ್ರ ಬಂತು. ಪರ್ಮಿಟ್ ಇಲ್ಲದೆ ಅಡಿಪಾಯ ಹಾಕಿದ್ದೀರಿ, ಕೆಲಸ ನಿಲ್ಲಿಸಿ ಅಂತ. ಮುಂದುವರಿಸಿದರೆ ಕೋರ್ಟಿನ ಮೂಲಕ ಒಂದು ತಪ್ಪಿಗೆ 500 ಡಾಲರ್ ತನಕ ದಂಡ ಹಾಕಬಹುದು, ಒಂದೊಂದು ದಿನವನ್ನೂ ಒಂದೊಂದು ತಪ್ಪು ಅಂತ ಲೆಕ್ಕ ಹಿಡಿಯಬಹುದು ಅಂತಲೂ ಅದರಲ್ಲಿತ್ತು.

ಮರುದಿನ ಕಚೇರಿಗೆ ಹೋದೆ. ಅಧಿಕಾರಿ ಒಳ್ಳೆಯ ಹೆಂಗಸು. ಗದರಲಿಲ್ಲ. ದಪ್ಪ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ಗಾಳಿಯಂತ್ರದ ಪುಟವನ್ನಲ್ಲ, ಪುಸ್ತಕದ ಮೊದಲಿಗೆ ಬರುವ ಪದಗಳ ಅರ್ಥದ ಅಧ್ಯಾಯವನ್ನು. ಅಲ್ಲಿ "ಎತ್ತರ" ಅನ್ನುವ ಪದಕ್ಕೆ, ಗಾಳಿಯಂತ್ರದ ವಿಷಯದಲ್ಲಿ, ಬೇರೆಯೇ ಅರ್ಥ ಕೊಟ್ಟಿದ್ದರು. ನೆಲದಿಂದ ಶುರುವಾಗಿ, ರೆಕ್ಕೆ ನೆಟ್ಟಗೆ ಮೇಲೆ ನಿಂತಾಗ ಅದರ ತುದಿ ಎಲ್ಲಿಗೆ ಬರುತ್ತದೋ ಅಲ್ಲಿಯವರೆಗೆ. ನಮ್ಮ ಯಂತ್ರದ ರೆಕ್ಕೆ ಒಂದೊಂದೂ ಎಂಟು ಅಡಿ. ಹಾಗಾದರೆ ಎತ್ತರ 60 ಅಲ್ಲ, 68. ಅದರ 1.1 ಪಟ್ಟು 74.8. ಎರಡೂ ಕಡೆ ಸೇರಿ 149.6 ಅಡಿ ಬೇಕು. ಇರುವುದು 140. ಅವರು ಪೆನ್ಸಿಲ್ ಹಿಡಿದು ಇದನ್ನು ಒಂದು ಹಳದಿ ಚೀಟಿಯ ಮೇಲೆ ಬರೆದು ತೋರಿಸಿದರು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷವನ್ನು ನಾನು ಜುಲೈನಲ್ಲಿ ಕೇಳಿಕೊಂಡಿದ್ದರೆ ಅದಕ್ಕೆ ಒಂದು ಡಾಲರೂ ಖರ್ಚಾಗುತ್ತಿರಲಿಲ್ಲ.

ಉಳಿದಿದ್ದ ದಾರಿ ವೇರಿಯನ್ಸ್ ಒಂದೇ, ಅಂದರೆ ನಿಯಮದಿಂದ ವಿನಾಯಿತಿ. ಅದನ್ನು ಟೌನ್‌ಶಿಪ್‌ನ ಜೋನಿಂಗ್ ಮಂಡಳಿ ಹಿಯರಿಂಗ್, ಅಂದರೆ ಬಹಿರಂಗ ವಿಚಾರಣೆ, ನಡೆಸಿ ತೀರ್ಮಾನಿಸುತ್ತದೆ. ಅರ್ಜಿ ಶುಲ್ಕ 900 ಡಾಲರ್. ಸರ್ವೇ ಮಾಡಿಸಿ ನಕ್ಷೆ ಬರೆಸಲು 1,100. ಹಿಯರಿಂಗ್‌ನಲ್ಲಿ ಪ್ರತಿ ಮಾತನ್ನೂ ಬರೆದುಕೊಳ್ಳಲು ಒಬ್ಬ ಸ್ಟೆನೋಗ್ರಾಫರ್ ಬರುತ್ತಾರೆ, ಅವರು ಬಂದು ಕೂರುವ ಫೀಸಿನಲ್ಲಿ ಅರ್ಧ ಅರ್ಜಿದಾರರೇ ಕೊಡಬೇಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಅದು 150. ಅರ್ಜಿ ಕೊಟ್ಟ 60 ದಿನದೊಳಗೆ ಮೊದಲ ಹಿಯರಿಂಗ್ ಆಗಬೇಕು. ನಮ್ಮದು ನವೆಂಬರ್ ಎರಡನೇ ವಾರಕ್ಕೆ ಬಿತ್ತು.

ಹಿಯರಿಂಗ್‌ಗೆ ಒಂದು ವಾರ ಮುಂಚೆ ಟೌನ್‌ಶಿಪ್‌ನವರು ಬಂದು ನಮ್ಮ ಅಂಗಳದಲ್ಲಿ ನೋಟಿಸ್ ಬೋರ್ಡ್ ನೆಟ್ಟು ಹೋದರು. ಪೇಪರಿನಲ್ಲೂ ಎರಡು ವಾರ ಜಾಹೀರಾತು ಬಂತು. ಪಕ್ಕದ ಮನೆಯ ಅಜ್ಜನಿಗೆ ವಿಷಯ ಗೊತ್ತಾಗಿದ್ದು ಆ ಬೋರ್ಡ್ ನೋಡಿದ ಮೇಲೆ. ಏಳು ವರ್ಷದಿಂದ ನಮ್ಮ ಜೊತೆ ಚೆನ್ನಾಗಿದ್ದವರು. ಹಿಮ ಬಿದ್ದಾಗ ನಮ್ಮ ಡ್ರೈವ್‌ವೇಯನ್ನೂ ಸೇರಿಸಿ ಹಿಮ ತೆಗೆದುಕೊಟ್ಟವರು. ನಾನು ಮೊದಲೇ ಹೋಗಿ ಅವರಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹಣ ಹೋಗಿದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿದೆ.

ಹಿಯರಿಂಗ್‌ಗೆ ಅವರೂ ಬಂದಿದ್ದರು. ವಿರೋಧ ಅಂತ ಜೋರಾಗಿ ಏನೂ ಮಾತಾಡಲಿಲ್ಲ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: "ಇದು ಬಿದ್ದರೆ ಎಲ್ಲಿ ಬೀಳುತ್ತದೆ?" ಸೈಟಿನ ಮಧ್ಯದಿಂದ ಗಡಿಗೆ 70 ಅಡಿ. ಯಂತ್ರ 68 ಅಡಿ. ಗಡಿಯ ಆಚೆ ಪಕ್ಕದಲ್ಲೇ ಅವರ ಮೊಮ್ಮಗಳ ಉಯ್ಯಾಲೆ ಇದೆ. ನಾನು "ಒಳಗೇ ಬೀಳುತ್ತದೆ" ಅಂದೆ. ಎರಡು ಅಡಿಯ ಧೈರ್ಯದಲ್ಲಿ ಆ ಮಾತು ಹೇಳುವಾಗ ನನ್ನ ದನಿ ನನಗೇ ಸರಿ ಅನ್ನಿಸಲಿಲ್ಲ.

ಆಮೇಲೆ ಮಂಡಳಿಯ ವಕೀಲರು ಕೇಳಿದ್ದು ಇನ್ನೂ ಮುಖ್ಯ. ಈ ಯಂತ್ರ ಇಲ್ಲದೆ ನಿಮ್ಮ ಮನೆಯಲ್ಲಿ ವಾಸ ಮಾಡಲು ಆಗುವುದಿಲ್ಲವೇ? ಆಗುತ್ತದೆ. ನಿಮ್ಮ ಸೈಟಿನ ಆಕಾರ, ಇಳಿಜಾರು ಬೇರೆಯವರಿಗಿಂತ ವಿಚಿತ್ರವಾಗಿದೆಯೇ? ಇಲ್ಲ. ಕಾಂಕ್ರೀಟ್ ಆಗಲೇ ಹಾಕಿದ್ದೇನೆ, ಇಷ್ಟು ಖರ್ಚಾಗಿದೆ ಅಂತ ಹೇಳಿದೆ. ಅದು ನನ್ನ ವಿರುದ್ಧವೇ ಹೋಯಿತು. ತಾನೇ ತಂದುಕೊಂಡ ಕಷ್ಟಕ್ಕೆ ವೇರಿಯನ್ಸ್ ಕೊಡಬಾರದು ಅಂತ ಇಲ್ಲಿಯ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿದೆ. "ಮೊದಲು ಹಾಕಿಬಿಡಿ, ಆಮೇಲೆ ವಿನಾಯಿತಿ ಕೇಳೋಣ" ಅಂತ ಯಾರಾದರೂ ಹೇಳಿದರೆ ಅವರನ್ನು ಬಾಗಿಲಿಂದಲೇ ಕಳಿಸಿಬಿಡಿ. ಹಾಕಿದ್ದೇ ಮುಳುವಾಗುತ್ತದೆ.

ಒಬ್ಬ ಸದಸ್ಯರು ಕಂಬವನ್ನು 50 ಅಡಿಗೆ ಇಳಿಸಬಹುದಲ್ಲ ಅಂದರು. ಹಾಗೆ ಮಾಡಿದರೆ ತುದಿ 58 ಅಡಿ, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ದೂರ) 63.8, ಎರಡೂ ಕಡೆ ಸೇರಿ 127.6. ನಿಯಮಕ್ಕೆ ಸರಿಹೋಗುತ್ತದೆ. ಆದರೆ ನಮ್ಮ ಪಶ್ಚಿಮಕ್ಕೆ ನೂರು ಅಡಿ ದೂರದಲ್ಲಿ 50 ಅಡಿ ಎತ್ತರದ ಓಕ್ ಮರಗಳ ಸಾಲಿದೆ. 50 ಅಡಿ ಕಂಬದ ಮೇಲೆ ರೆಕ್ಕೆ ತಿರುಗುವುದು 42ರಿಂದ 58 ಅಡಿಯ ನಡುವೆ. ಅಂದರೆ ಅರ್ಧ ಯಂತ್ರ ಮರದ ಮರೆಯಲ್ಲೇ. ಸುತ್ತ 300 ಅಡಿಯೊಳಗೆ ಏನೇ ಇರಲಿ, ರೆಕ್ಕೆಯ ಕೆಳತುದಿ ಅದಕ್ಕಿಂತ 30 ಅಡಿ ಮೇಲಿರಬೇಕು ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಗಾಳಿಯ ವೇಗ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಗಾಳಿಯಲ್ಲಿರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು. ಮರದ ಹಿಂದಿನ ಗಾಳಿ ಸುಳಿ ಸುಳಿಯಾಗಿ ಬಂದು ಯಂತ್ರವನ್ನೂ ಬೇಗ ಸವೆಸುತ್ತದೆ.

ಆ ರಾತ್ರಿ ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. ಮರ 50, ಅದರ ಮೇಲೆ 30, ರೆಕ್ಕೆಗೆ 8. ಕಂಬ 88 ಅಡಿ ಬೇಕು. ತುದಿ 96. ಎರಡೂ ಕಡೆ ಜಾಗ ಬಿಡಲು ಸೈಟು 211 ಅಡಿ ಅಗಲ ಇರಬೇಕು. ಗಾಳಿ ಕೇಳುವ ಎತ್ತರಕ್ಕೂ ನಿಯಮ ಬಿಡುವ ಎತ್ತರಕ್ಕೂ ನಮ್ಮಂಥ ಒಂದು ಎಕರೆ ಸೈಟಿನಲ್ಲಿ ತಾಳೆಯೇ ಆಗುವುದಿಲ್ಲ. ಕಂಪನಿಯವನು ಮಾರಲು ಬಂದಿದ್ದ 60 ಅಡಿ ಕಂಬ ಗಾಳಿಗೂ ಸಾಲದು, ನಿಯಮಕ್ಕೂ ಹೆಚ್ಚು. ಬಟ್ಟೆ ಒಣಗಿಸುವ ಗಾಳಿ ಬೇರೆ, ಕರೆಂಟ್ ಕೊಡುವ ಗಾಳಿ ಬೇರೆ.

ನಿಮ್ಮ ಊರಿನಲ್ಲಿ ನಿಯಮ ಬೇರೆ ಇರಬಹುದು. ಪೆನ್ಸಿಲ್ವೇನಿಯಾ ಒಂದರಲ್ಲೇ ಸಿಟಿ, ಬರೋ, ಟೌನ್‌ಶಿಪ್ ಸೇರಿ 2,500ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳಿವೆ. ಪಕ್ಕದ ಟೌನ್‌ಶಿಪ್‌ನಲ್ಲಿ ಸ್ನೇಹಿತರು ಹಾಕಿಸಿದ್ದಾರೆ ಅಂದರೆ ಅದು ನಿಮಗೆ ಲೆಕ್ಕಕ್ಕಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಜ್ಯವೇ ಸ್ಥಳೀಯರಿಗೆ ಕಟ್ಟು ಹಾಕಿದೆ: ಎತ್ತರದ ಒಂದೂವರೆ ಪಟ್ಟಿಗಿಂತ ಜಾಸ್ತಿ ಸೆಟ್‌ಬ್ಯಾಕ್ ಕೇಳುವಂತಿಲ್ಲ, ಗಡಿಯಲ್ಲಿ 55 ಡೆಸಿಬಲ್‌ಗಿಂತ ಕಡಿಮೆ ಶಬ್ದದ ಮಿತಿ ಹಾಕುವಂತಿಲ್ಲ. ಎಲ್ಲ ಕಡೆ ಹೀಗಿಲ್ಲ. ಗಾಳಿಯಂತ್ರದ ಹೆಸರೇ ಇಲ್ಲದ ಪುಸ್ತಕಗಳೂ ಇವೆ. ಅಲ್ಲಿ ಮನೆಗಳಿಗೆ ಇರುವ 35 ಅಡಿಯಂಥ ಮಿತಿಯನ್ನೇ ಯಂತ್ರಕ್ಕೂ ಹಾಕುತ್ತಾರೆ. ಟಿವಿ ಡಿಶ್ ಹಾಕಿಸುವಾಗ ಯಾರೂ ತಡೆಯಲಿಲ್ಲವಲ್ಲ ಅಂತ ಕೆಲವರು ನನಗೆ ಕೇಳಿದರು. ಡಿಶ್‌ಗೆ 1996ರಿಂದ ಕೇಂದ್ರದ ಸಂಪರ್ಕ ಆಯೋಗವಾದ ಎಫ್‌ಸಿಸಿಯ ರಕ್ಷಣೆ ಇದೆ. ಗಾಳಿಯಂತ್ರಕ್ಕೆ ಕೇಂದ್ರದ ಅಂಥ ರಕ್ಷಣೆ ಇಲ್ಲ. ಹತ್ತಿರದಲ್ಲಿ ವಿಮಾನ ನಿಲ್ದಾಣ ಇದ್ದರೆ ಅದನ್ನೂ ನೋಡಿ. 200 ಅಡಿ ದಾಟಿದರೆ ಮಾತ್ರ ಕೇಂದ್ರದ ವಿಮಾನಯಾನ ಇಲಾಖೆ ಎಫ್‌ಎಎಗೆ ತಿಳಿಸಬೇಕು ಅಂತ ಹೇಳುತ್ತಾರೆ, ಆದರೆ ರನ್‌ವೇ ಹತ್ತಿರವಿದ್ದರೆ ಅದಕ್ಕಿಂತ ಗಿಡ್ಡ ಕಂಬಕ್ಕೂ ತಿಳಿಸಬೇಕಾಗುತ್ತದೆ.

ಜೋನಿಂಗ್ ಅಧಿಕಾರಿಗೆ ನೀವೇ ಇಮೇಲ್ ಬರೆಯಿರಿ, ಏಜೆಂಟ್ ಕೈಯಲ್ಲಿ ಬರೆಸಬೇಡಿ. ಸೈಟಿನ ಅಳತೆ, ರೆಕ್ಕೆಯ ತುದಿಯವರೆಗಿನ ಎತ್ತರ, ಕಂಬ ನಿಲ್ಲುವ ಜಾಗ ಇಷ್ಟನ್ನೂ ಕೊಟ್ಟು, ಇದಕ್ಕೆ ವೇರಿಯನ್ಸ್ ಇಲ್ಲದೆ ಪರ್ಮಿಟ್ ಸಿಗುತ್ತದಾ ಅಂತ ಕೇಳಿ. ಉತ್ತರ ಬರಹದಲ್ಲಿ ಬರಲಿ. ಅಡ್ವಾನ್ಸ್ ಕೊಡಲೇಬೇಕಾದರೆ, ಪರ್ಮಿಟ್ ಸಿಗದಿದ್ದರೆ ಪೂರ್ತಿ ಹಣ ವಾಪಸ್ ಅನ್ನುವ ಸಾಲು ಒಪ್ಪಂದದಲ್ಲಿ ಇರಲಿ. ನಮ್ಮ ಒಪ್ಪಂದದಲ್ಲಿ ಅದಿರಲಿಲ್ಲ. ಆರ್ಡರ್ ಮಾಡಿದ್ದ ಸಾಮಾನು ರದ್ದು ಮಾಡಿದ್ದಕ್ಕೆ 4,500, ಕಾಂಕ್ರೀಟ್ ಕೆಲಸಕ್ಕೆ 3,400 ಮುರಿದುಕೊಂಡು ಕಂಪನಿಯವರು 4,900 ಡಾಲರ್ ಮಾತ್ರ ವಾಪಸ್ ಕೊಟ್ಟರು.

ಮಂಡಳಿ ಅವತ್ತೇ ಅರ್ಜಿ ತಳ್ಳಿಹಾಕಿತು. ಲಿಖಿತ ಆದೇಶ ಡಿಸೆಂಬರ್‌ನಲ್ಲಿ ಕೈಗೆ ಬಂತು. 30 ದಿನದೊಳಗೆ ಜಿಲ್ಲಾ ಕೋರ್ಟಿಗೆ ಹೋಗಬಹುದಿತ್ತು, ಹೋಗಲಿಲ್ಲ. ಮಂಡಳಿ ಮಾಡಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಅಜ್ಜನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಈ ಜೂನ್ ಒಳಗೆ ಹಿತ್ತಲಿನ ಕಾಂಕ್ರೀಟನ್ನು ಒಡೆಸಿ, ಮಣ್ಣು ತುಂಬಿಸಿ, ಫೋಟೋ ತೆಗೆದು ಟೌನ್‌ಶಿಪ್‌ಗೆ ಕಳಿಸಬೇಕು. ಅದಕ್ಕೆ ಸಿಕ್ಕಿರುವ ಅತಿ ಕಡಿಮೆ ರೇಟು 2,800 ಡಾಲರ್.