ಸಿನಿಮಾ ಹೀರೋನ ಗೇಮೋ, ನಮ್ಮದೇ ಎತ್ತಿನ ಗೇಮೋ?

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಸಣ್ಣ ಗೇಮ್ ಕಂಪನಿ ಎರಡೂ ದಾರಿ ಹಿಡಿದು ನೋಡಿದೆ. ಮೊದಲು ಒಂದು ಸಿನಿಮಾದ ಲೈಸೆನ್ಸ್ ಪಡೆದು ಅದರ ಹೀರೋ ಓಡುವ ಮೊಬೈಲ್ ಗೇಮ್ ಮಾಡಿದೆವು. ಆಮೇಲೆ ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸುವ ನಮ್ಮ ಕಡೆಯ ಆಚರಣೆ, ಕರಿ ಹರಿಯೋದನ್ನು ಇಟ್ಟುಕೊಂಡು, ಎತ್ತು ಓಡಿಸುವ ನಮ್ಮದೇ ಗೇಮ್.

ಮೊದಲ ವಾರದ ಮಟ್ಟಿಗೆ ಲೈಸೆನ್ಸಿಗೆ ಸಾಟಿಯಿಲ್ಲ. ಐಕಾನಿನಲ್ಲಿ ಪರಿಚಯದ ಮುಖ ಕಂಡರೆ ಸಾಕು, ಜನ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಎತ್ತಿಗೆ ಆ ಭಾಗ್ಯ ಎಲ್ಲಿಯದು? ಕಾಲೇಜು ಹುಡುಗರ ಕೈಗೆ ಫೋನ್ ಕೊಟ್ಟು, ಆಡ್ರಪಾ ಅಂತ ಬೆನ್ನು ಹತ್ತಬೇಕಾಯಿತು.

ಆದರೆ ಆ ಮುಖ ಪುಕ್ಕಟೆ ಬರುವುದಿಲ್ಲ. ಗೇಮ್ ಓಡಲಿ ಬಿಡಲಿ, ಮಿನಿಮಮ್ ಗ್ಯಾರಂಟಿ ಮುಂಗಡ ಕಟ್ಟಬೇಕು. ಪ್ಲೇ ಸ್ಟೋರ್ ತನ್ನ ಪಾಲು ಮುರಿದುಕೊಂಡ ಮೇಲೆ ಉಳಿದದ್ದರಲ್ಲಿ ರಾಯಲ್ಟಿ ಬೇರೆ. ಹಣಕ್ಕಿಂತ ಹೆಚ್ಚು ಜೀವ ತಿಂದದ್ದು ಸಿನಿಮಾದವರ ಅಪ್ರೂವಲ್. ‘ನಮ್ಮ ಹೀರೋ ಬೀಳೋ ಹಾಗಿಲ್ಲ ಸರ್’ ಎಂದು ಬೆಂಗಳೂರಿನಿಂದ ಫೋನ್ ಬಂತು. ‘ಅಂವಾ ಬೀಳಲಿಲ್ಲಂದ್ರ ಆಟ ಹ್ಯಾಂಗ್ ಮುಗೀಬೇಕ್ರೀ?’ ಎಂದು ನಮ್ಮ ಡಿಸೈನರ್ ತಲೆ ಮೇಲೆ ಕೈ ಹೊತ್ತ. ಕೊನೆಗೆ ಕಲ್ಲಿಗೆ ಡಿಕ್ಕಿ ಹೊಡೆದರೆ ಹೀರೋ ನಿಂತು ಕನ್ನಡಕ ಸರಿಮಾಡಿಕೊಳ್ಳುವಂತೆ ಮಾಡಿದೆವು. ಅದಕ್ಕೂ ಯಾವ ಕನ್ನಡಕ ಎಂದು ಪತ್ರವ್ಯವಹಾರ ನಡೆಯಿತು.

ಎರಡನೇ ಗಂಟು ಸಿನಿಮಾದ ಬಿಡುಗಡೆ ದಿನ. 1982ರಲ್ಲಿ ಅಮೆರಿಕದ ಗೇಮ್ ಕಂಪನಿ ಅಟಾರಿ, ‘ಇ.ಟಿ.’ ಸಿನಿಮಾದ ಗೇಮನ್ನು ಕ್ರಿಸ್ಮಸ್ ಮಾರಾಟಕ್ಕೆ ತರಲೇಬೇಕೆಂದು ಪ್ರೋಗ್ರಾಮರ್ ಹೊವರ್ಡ್ ಸ್ಕಾಟ್ ವಾರ್ಶಾಗೆ ಕೊಟ್ಟದ್ದು ಸುಮಾರು ಐದು ವಾರ. ಮಾರಾಟವಾಗದೆ ಹೂತುಹಾಕಿದ್ದ ಆ ಗೇಮಿನ ಕಾರ್ಟ್ರಿಜ್‌ಗಳು 2014ರಲ್ಲಿ ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಸಿಕ್ಕವು. ಲೈಸೆನ್ಸ್ ಎಂದರೆ ಕಳಪೆ ಎಂದು ಇದರಿಂದ ತೀರ್ಮಾನಿಸಬೇಡಿ. ಜೇಮ್ಸ್ ಬಾಂಡ್ ಸಿನಿಮಾ ಆಧರಿಸಿದ ರೇರ್ ಕಂಪನಿಯ ಗೇಮ್ ‘ಗೋಲ್ಡನ್‌ಐ 007’ ಬಂದದ್ದು 1997ರಲ್ಲಿ, ಅಂದರೆ ಸಿನಿಮಾ ಬಂದು ಎರಡು ವರ್ಷ ಕಳೆದ ಮೇಲೆ. ಮಾರಾಟವಾದದ್ದು 80 ಲಕ್ಷ ಪ್ರತಿ. ಅವರಿಗೆ ಸಿಕ್ಕ ಪುರಸೊತ್ತು ನಮಗೆ ಯಾರೂ ಕೊಡಲಿಲ್ಲ.

ಎತ್ತಿನ ಗೇಮಿನ ಸುಖವೇ ಬೇರೆ. ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಚಲೋ ಬರುತ್ತದೆ ಅಂತ ಹೇಳುವುದು ನಮ್ಮ ಕಡೆ ವಾಡಿಕೆ. ‘ಅದನ್ಯಾಕ ಹಾಕಿಲ್ರೀ?’ ಎಂದು ಗದಗ ಕಡೆಯವರೊಬ್ಬರು ರಿವ್ಯೂ ಬರೆದರು. ಮುಂದಿನ ಅಪ್‌ಡೇಟಿನಲ್ಲೇ ಹಾಕಿದೆವು, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಂದಹಾಗೆ, ಕರಿ ಹರಿಯೋದು ನಮ್ಮ ಸೊತ್ತಲ್ಲ. ಚಿತ್ರ, ಕೋಡ್, ಹೆಸರು ಇವಷ್ಟೇ ನಮ್ಮವು. ನಾಳೆ ಇನ್ನೊಬ್ಬರು ಬೇರೆ ಎತ್ತು ಓಡಿಸಿದರೆ ತಡೆಯಲಾಗದು. ಸಂಪಾದನೆ ನಿಧಾನ. ಆ ಗೇಮ್ ಕಟ್ಟುವಾಗ ಸಂಬಳ ಹೊರಟದ್ದು ಹೊರಗಿನ ಕಂಪನಿಗಳ ಗುತ್ತಿಗೆ ಕೆಲಸದಿಂದ.

ಲೈಸೆನ್ಸಿನ ಅವಧಿ ಮುಗಿದ ಮೇಲೆ ಹೀರೋ ಗೇಮನ್ನು ಸ್ಟೋರಿನಿಂದ ತೆಗೆಯಬೇಕಾಯಿತು. ದೊಡ್ಡವರಿಗೂ ಇದು ತಪ್ಪಿಲ್ಲ: ಕಾರು, ಹಾಡುಗಳ ಲೈಸೆನ್ಸ್ ಮುಗಿಯಿತೆಂದು ಮೈಕ್ರೋಸಾಫ್ಟ್ 2018ರ ಕಾರ್ ರೇಸ್ ಗೇಮ್ ‘ಫೋರ್ಜಾ ಹೊರೈಜನ್ 4’ ಮಾರಾಟವನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಮಾತ್ರ ಎರಡೂ ದಾರಿ ಕಂಡಿದೆ. ಪಾಪ್‌ಐ ಎಂಬ ಕಾರ್ಟೂನ್ ಪಾತ್ರದ ಹಕ್ಕು ಸಿಗದಿದ್ದಾಗ ಕಂಪನಿಯ ಡಿಸೈನರ್ ಮಿಯಾಮೊಟೊ ತಮ್ಮದೇ ಪಾತ್ರಗಳನ್ನು ಬರೆದರು. ಹಾಗೆ ಬಂದ 1981ರ ಗೇಮ್ ‘ಡಾಂಕಿ ಕಾಂಗ್’ನ ಬಡಗಿಯೇ ಮುಂದೆ ಮಾರಿಯೋ ಆದ. ಮರುವರ್ಷ ಹಕ್ಕು ಸಿಕ್ಕು ಪಾಪ್‌ಐ ಗೇಮೂ ಬಂತು. ಇವತ್ತು ಮಕ್ಕಳಿಗೆ ಗೊತ್ತಿರುವುದು ಯಾವುದು?

ಹಾಗಂತ ಲೈಸೆನ್ಸಿಗೆ ಬಾಗಿಲು ಹಾಕಿಲ್ಲ. ಈಗ ಬಂದವರ ಮುಂದೆ ಮೂರು ಷರತ್ತು ಇಡುತ್ತೇವೆ: ಸಿನಿಮಾ ಬಿಡುಗಡೆ ದಿನಕ್ಕೆ ಗೇಮನ್ನು ಕಟ್ಟಿಹಾಕಬಾರದು; ವಾರದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ; ಮುಖ ಅವರದು, ಕೋಡ್ ನಮ್ಮದು. ಮೊದಲೆರಡಕ್ಕೆ ಹೂಂ ಅಂದವರಿದ್ದಾರೆ, ಮೂರನೆಯದು ಕೇಳಿದ ಕೂಡಲೇ ‘ವಕೀಲರನ್ನ ಕೇಳಿ ಹೇಳ್ತೀವಿ’ ಅನ್ನುತ್ತಾರೆ.